ಈ ಸರ ಯಾವೂರದು?

ಆ ಡಬ್ಬೀನ ಹಾಗೇ ಕಾಂಪೌಂಡ್ ಮೇಲಿಡಿ ಅಕ್ಕಾ, ಬೀಳಲ್ಲ. ಹ್ಞಾಂ, ಮುಚ್ಚಳ ತೆಗೀರಿ. ಎಲ್ಲಾ ಎಸೆದುಬಿಡ್ತೀನಿ ಅಂದ್ರಲ್ಲ, ಎಸೆಯೋ ಮುಂಚೆ ಒಂದ್ಸಲ ನೋಡೋಣ. ಇದರಲ್ಲಿ ಚಿನ್ನ ಇಲ್ಲ, ಗೊತ್ತು. ನೂರಿನ್ನೂರು ರೂಪಾಯಿ ದಾಟಿದ್ದೂ ಇರಲಿಕ್ಕಿಲ್ಲ. ಆದ್ರೆ ಬೆಲೆ ಕಡಿಮೆ ಅಂದ ಮಾತ್ರಕ್ಕೆ ಊರು ಇಲ್ಲದ್ದು ಅಂತ ಆಗಲ್ಲವಲ್ಲ. ಚಿನ್ನದ ಸರಕ್ಕಾದ್ರೆ ಹಾಲ್‌ಮಾರ್ಕ್ ಇರುತ್ತೆ, ಅಂಗಡಿ ರಸೀದಿ ಇರುತ್ತೆ, ಮಾಡಿಕೊಟ್ಟ ಅಕ್ಕಸಾಲಿಯ ಹೆಸರು ಮನೇಲಿ ಎಲ್ಲರ ಬಾಯಲ್ಲೂ ಇರುತ್ತೆ. ಮಣಿಸರಕ್ಕೆ ಇದ್ಯಾವುದೂ ಇಲ್ಲ. ಮಾಡಿದೋರ ಕೈಗುರುತು ಮಣಿಯೊಳಗೇ ಉಳಿದಿರುತ್ತೆ, ಅಷ್ಟೇ ಅದಕ್ಕಿರೋ ದಾಖಲೆ.

ಎಲ್ಲರೂ ಮೊದಲು ಬಣ್ಣ ನೋಡ್ತಾರೆ. ಬಣ್ಣ ಯಾವ ಊರಲ್ಲಾದ್ರೂ ಹಾಕಬಹುದು, ಅದನ್ನ ನಂಬಿ ಏನೂ ಹೇಳೋಕಾಗಲ್ಲ. ನಾನು ಮೊದಲು ನೋಡೋದು ತೂತು. ಮಣಿ ಹುಟ್ಟಿದ ಬಗೆಯನ್ನ ತೂತು ಮುಚ್ಚಿಡಲ್ಲ. ಗಾಜನ್ನ ಕಬ್ಬಿಣದ ಕಡ್ಡಿಗೆ ಸುತ್ತಿದ್ರೆ ಒಂಥರ, ಕೊಳವೆ ಎಳೆದು ಕತ್ತರಿಸಿದ್ರೆ ಇನ್ನೊಂಥರ, ಅಚ್ಚಲ್ಲಿ ಒತ್ತಿದ್ರೆ ಮತ್ತೊಂಥರ. ಕಲ್ಲು ಕೊರೆದಿದ್ದಾದ್ರೆ ಅದರ ಲಕ್ಷಣವೇ ಬೇರೆ. ನಿಮ್ಮ ಮೊಬೈಲ್ ಕೊಡಿ ಇಲ್ಲಿ. ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿದ್ರೆ ಸಾಕು, ಭೂತಗನ್ನಡಿ ಹುಡುಕಬೇಕಿಲ್ಲ. ಬಿಸಿಲಿಗೆ ಬೆನ್ನು ಮಾಡಬೇಡಿ, ಬೆಳಕು ಮಣಿಯ ಹಿಂದಿನಿಂದ ಬರಲಿ.

ಮೊದಲು ಈ ನೀಲಿ ಸರ. ಹಂಪೀಲಿ ತಗೊಂಡಿದ್ದು ಅಲ್ವಾ? ಮಾರಿದಾಕೆ ಇಲ್ಲೀದೇ ಅಂದಳು ಅಂತೀರಿ. ಆಕೆ ಸುಳ್ಳು ಹೇಳಿದಳು ಅಂತ ನನಗನ್ನಿಸಲ್ಲ, ಪೋಣಿಸಿದ್ದು ಅಲ್ಲೇ ಇರಬಹುದು. ಮಣಿ ಮಾತ್ರ ಬೇರೆ ಕಡೇದು. ತೂತು ನೋಡಿ, ಬೆಂಕಿಕಡ್ಡಿ ತೂರೋ ಅಷ್ಟು ಅಗಲ. ಒಂದು ಕಡೆ ಸ್ವಲ್ಪ ದೊಡ್ಡದು, ಇನ್ನೊಂದು ಕಡೆ ಸಣ್ಣದು. ಒಳಗೋಡೆಗೆ ಬೂದು ಬಿಳಿ ಪುಡಿ ಮೆತ್ತಿಕೊಂಡಿದೆ, ಕಂಡಿತಾ? ಅದು ಕೊಳೆ ಅಲ್ಲ, ಜೇಡಿಮಣ್ಣು. ಕಾದ ಗಾಜು ಕಬ್ಬಿಣದ ಕಡ್ಡಿಗೆ ಅಂಟಿ ಕೂತುಬಿಟ್ರೆ ಮಣಿ ಹೊರಗೇ ಬರಲ್ಲ. ಅದಕ್ಕೆ ಕಡ್ಡಿಯ ತುದೀನ ಮೊದಲು ಮಣ್ಣಿನ ನೀರಲ್ಲಿ ಅದ್ದಿ ಒಣಗಿಸ್ತಾರೆ. ಆಮೇಲೆ ಕುಲುಮೆಯ ಗಾಜನ್ನ ಆ ತುದಿಗೆ ಸುತ್ತಿ, ಉರುಳಿಸಿ ದುಂಡಗೆ ಮಾಡ್ತಾರೆ. ಆರಿದ ಮೇಲೆ ತಟ್ಟಿದ್ರೆ ಮಣಿ ಜಾರುತ್ತೆ, ಮಣ್ಣು ತೂತೊಳಗೇ ಉಳಿಯುತ್ತೆ. ಗಾಜಿನೊಳಗಿನ ಎಳೆಗಳೂ ತೂತಿನ ಸುತ್ತ ತಿರುಗಿರುತ್ತವೆ, ಗಾಜು ಸುತ್ತಿದ ದಿಕ್ಕಿಗೇ.

ಈ ಗಾತ್ರದ, ಈ ಒರಟಿನ ಸುತ್ತಿದ ಮಣಿ ಕಂಡ್ರೆ ನನಗೆ ಮೊದಲು ನೆನಪಾಗೋದು ಪುರ್ದಿಲ್‌ನಗರ. ಪುರ್ದಲ್‌ಪುರ ಅಂತಲೂ ಅಂತಾರೆ. ಉತ್ತರ ಪ್ರದೇಶದ ಹಾಥರಸ್ ಜಿಲ್ಲೇಲಿ, ಸಿಕಂದರಾ ರಾವ್ ಹತ್ತಿರದ ಚಿಕ್ಕ ಪಟ್ಟಣ. ಬಳೆಗೆ ಹೆಸರಾದ ಫಿರೋಜಾಬಾದು ಅಲ್ಲಿಂದ ದೂರ ಇಲ್ಲ. ಕುಲುಮೆ ಸುತ್ತ ಕೂತು, ಮುಖಕ್ಕೆ ಹೊಡೆಯೋ ಝಳ ತಡ್ಕೊಂಡು ಒಂದೊಂದೇ ಮಣಿ ಸುತ್ತೋ ಕೆಲಸ. ದೇಶದ ಯಾವ ಪ್ರವಾಸಿ ಊರಿಗೆ ಹೋದ್ರೂ, ಗೋಕರ್ಣವೋ ಪುಷ್ಕರವೋ ಗೋವೆಯೋ, ಬಟ್ಟೆ ಹಾಸಿ ಹರಡಿರೋ ಮಣಿ ರಾಶೀಲಿ ಈ ಜಾತಿಯದು ಸಿಕ್ಕೇ ಸಿಗುತ್ತೆ. ಕೊಂಡವರು ಗೋವೆಯ ಸರ ಅಂತಾರೆ, ಪುಷ್ಕರದ ಸರ ಅಂತಾರೆ. ಸುತ್ತಿದ ಊರಿನ ಹೆಸರು ಮಾತ್ರ ಯಾರ ಬಾಯಲ್ಲೂ ಬರಲ್ಲ. ನನಗದು ಸರಿ ಕಾಣಲ್ಲ ಅಕ್ಕಾ.

ಹಾಗಂತ ಬೂದು ಪುಡಿ ಕಂಡಿದ್ದೆಲ್ಲ ಪುರ್ದಿಲ್‌ನಗರದ್ದು ಅಂತಲ್ಲ. ಕಡ್ಡಿಗೆ ಸುತ್ತೋ ಪದ್ಧತಿ ಎಲ್ಲಿದ್ಯೋ ಅಲ್ಲೆಲ್ಲ ಈ ಪುಡಿ ಇರುತ್ತೆ, ಚೀನಾದ್ದರಲ್ಲೂ ಇರುತ್ತೆ. ಈ ಹಸಿರು ಮಣಿ ನೋಡಿ, ಮೇಲೆ ಸಣ್ಣ ಬಿಳಿ ಹೂವು, ಹಳದಿ ಚುಕ್ಕೆ. ಇದನ್ನ ದೊಡ್ಡ ಕುಲುಮೇಲಿ ಮಾಡೋಕಾಗಲ್ಲ. ದೀಪದ ಉರಿ ಮುಂದೆ ಕೂತು, ಸಣ್ಣ ಗಾಜಿನ ಕಡ್ಡಿ ಕರಗಿಸಿ ಚುಕ್ಕೆ ಇಡಬೇಕು. ಇಂಥದ್ದಕ್ಕೆ ಕಾಶಿ ಹೆಸರುವಾಸಿ. ಅಲ್ಲಿನ ಗಾಜಿನ ಮಣಿಗೆ ಜಿಐ ಮಾನ್ಯತೆಯೂ ಇದೆ. ಕಾಶಿಗೆ ಹೋದವರು ರುದ್ರಾಕ್ಷಿ ತರ್ತಾರೆ, ಸೀರೆ ತರ್ತಾರೆ. ಊರಿನ ಓಣಿಗಳಲ್ಲಿ ಗಾಜಿನ ಮಣಿ ಆಗುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು?

ಇನ್ನು ಇದು. ಸಾಸಿವೆಗಿಂತ ಸ್ವಲ್ಪ ದಪ್ಪ, ಇಟ್ಟಿಗೆ ಕೆಂಪು. ಇದಕ್ಕೆ ಡಬ್ಬೀಲಿ ಅಂಥ ಮರ್ಯಾದೆ ಸಿಕ್ಕಿಲ್ಲ, ಮೂಲೇಲಿ ಗಂಟು ಬಿದ್ದಿದೆ. ಇದರ ತೂತಲ್ಲಿ ಪುಡಿ ಇಲ್ಲ. ಗಾಜಲ್ಲಿ ಸೂಕ್ಷ್ಮವಾದ ಗೆರೆಗಳಿವೆ. ಅವು ಸುತ್ತ ತಿರುಗಿಲ್ಲ, ತೂತಿನ ಉದ್ದಕ್ಕೇ ಹೋಗ್ತವೆ. ಅಂದ್ರೆ ಇದು ಸುತ್ತಿದ್ದಲ್ಲ, ಎಳೆದಿದ್ದು. ಕರಗಿದ ಗಾಜಿನ ಮುದ್ದೆಯ ನಡುವೆ ಟೊಳ್ಳು ಉಳಿಸಿಕೊಂಡು ಶಾವಿಗೆ ಎಳೆದ ಹಾಗೆ ಎಳೀತಾ ಹೋಗ್ತಾರೆ. ಎಳೆ ಎಷ್ಟು ಸಣ್ಣಗಾದ್ರೂ ನಡುವಿನ ತೂತು ಮುಚ್ಚಲ್ಲ. ಆರಿದ ಕೊಳವೇನ ಚೂರುಚೂರು ಕತ್ತರಿಸಿ, ಬೂದಿ ಜೊತೆ ಮತ್ತೆ ಕಾಯಿಸಿದ್ರೆ ಚೂಪು ಅಂಚು ಕರಗಿ ದುಂಡಗಾಗುತ್ತೆ. ಬೂದಿ ಯಾಕೆ ಅಂದ್ರೆ, ಮಣಿಗೆ ಮಣಿ ಅಂಟಬಾರದು, ತೂತು ಕಟ್ಟಿಕೊಳ್ಳಬಾರದು.

ಆಂಧ್ರದಲ್ಲಿ, ತಿರುಪತಿ ಹತ್ತಿರ ಪಾಪಾನಾಯುಡುಪೇಟ ಅಂತ ಊರಿದೆ. ಹಳೇ ಚಿತ್ತೂರು ಜಿಲ್ಲೆ, ಈಗ ತಿರುಪತಿ ಜಿಲ್ಲೆ. ಈ ಪದ್ಧತೀನ ಕೈಯಲ್ಲೇ ಉಳಿಸಿಕೊಂಡು ಬಂದ ಊರು. ಉದ್ದನೆಯ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಗಾಜಿನ ದೊಡ್ಡ ಮುದ್ದೆ ಕಟ್ಟಿ ಕುಲುಮೆಗೆ ಹಿಡೀತಾರೆ. ಆಚೆ ಕಡೆ ಕೂತವರು ಅದರ ಮೊನೆ ಹಿಡಿದು ಎಳೀತಾರೆ, ಎಳೀತಾನೇ ಇರ್ತಾರೆ. ಆ ಕಬ್ಬಿಣದ ಕೊಳವೆಗೆ ಲಾಡ ಅಂತ ಹೆಸರು. ಪೀಟರ್ ಫ್ರಾನ್ಸಿಸ್ ಅಂತ ಅಮೆರಿಕದ ಒಬ್ಬರು ಜೀವಮಾನವೆಲ್ಲ ಮಣಿಗಳ ಹಿಂದೆ ಅಲೆದವರು. ಈ ಊರಿನ ಪದ್ಧತಿ ಸುಮಾರು ಎರಡು ಸಾವಿರ ವರ್ಷದ ಹಿಂದೆ ಅರಿಕಮೇಡಿನಲ್ಲಿದ್ದದ್ದೇ ಅಂತ ಗುರುತಿಸಿದ್ದು ಅವರು. ಅರಿಕಮೇಡು ಪುದುಚೇರಿ ಪಕ್ಕದ ಹಳೇ ಬಂದರು. ಅಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಉತ್ಖನನ ಮಾಡಿದ್ರು. ಎರಡು ವರ್ಷ ಬಿಟ್ಟು 1947ರಲ್ಲಿ ಅದೇ ವೀಲರ್ ನಮ್ಮ ಚಿತ್ರದುರ್ಗದ ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅಗೆದ್ರು. ಅಲ್ಲೂ ಗಾಜಿನ ಮಣಿ ಸಿಕ್ಕವು. ಅಂದ್ರೆ ಕೆರೆ ಏರಿ ಮೇಲೆ ನಡೆದು ಹೋಗ್ತಿದ್ದ ನಮ್ಮ ಕಡೆ ಹೆಂಗಸರ ಕೊರಳಲ್ಲೂ ಆ ಕಾಲಕ್ಕೇ ಗಾಜಿನ ಸರ ಇತ್ತು.

ಫ್ರಾನ್ಸಿಸ್ ಈ ಪುಟ್ಟ ಎಳೆದ ಮಣಿಗಳಿಗೆ ಇಂಡೋ-ಪೆಸಿಫಿಕ್ ಮಣಿ ಅಂತ ಹೆಸರಿಟ್ಟರು. ಯಾಕೆ ಗೊತ್ತಾ? ಪೂರ್ವ ಆಫ್ರಿಕಾದಿಂದ ಹಿಡಿದು ಇಂಡೋನೇಷ್ಯಾ, ಕೊರಿಯಾ, ಜಪಾನ್ ತನಕ ಅವು ಸಿಗ್ತವೆ. ತಿಮೋರ್ ದ್ವೀಪದಲ್ಲಿ ಇಂಥದೇ ಕೆಂಪು ಮಣಿಗೆ ಮುಟಿಸಲಾ ಅಂತಾರೆ. ಮನೆತನದ ಒಡವೆ ಅಂತ ಕಾಪಾಡ್ತಾರೆ, ಮದುವೇಲಿ ಕೊಡು ಕೊಳ್ಳೋ ಸೊತ್ತು ಅದು. ನೀವು ಗಂಟು ಬಿಡಿಸೋಕೂ ಬೇಜಾರು ಅಂದ ಮಣಿಯ ಅಕ್ಕತಂಗಿಯರಿಗೆ ಅಲ್ಲಿ ಅಷ್ಟು ಗೌರವ. ನಿಮ್ಮ ಈ ಗಂಟು ಅಷ್ಟು ಹಳೇದು ಅಂತ ನಾನು ಹೇಳ್ತಿಲ್ಲ, ಇದು ಈಚಿನದೇ. ಮಾಡಿದ ಬಗೆ ಹಳೇದು. ಗಾತ್ರ ಒಂದೊಂದಕ್ಕೆ ಒಂದೊಂದು ಇದೆ ನೋಡಿ, ತುದಿಗಳು ಕೆಲವು ಓರೆ. ಕೈ ಎಳೆದ ಗುರುತು ಅದು. ಯಂತ್ರದಿಂದ ಬಂದಿದ್ರೆ ಇಷ್ಟು ಏರುಪೇರು ಇರ್ತಿರಲಿಲ್ಲ.

ಯಂತ್ರದ್ದು ಹೇಗಿರುತ್ತೆ ಅಂತೀರಾ? ನಿಮ್ಮ ಸೊಸೆ ಸೀರೆ ಕುಚ್ಚಿಗೆ ತಂದಿದ್ದಳಲ್ಲ ಪುಟ್ಟ ಪ್ಲಾಸ್ಟಿಕ್ ಕೊಳವೇಲಿ, ಅದು ಜಪಾನಿಂದು. ಹಿರೋಶಿಮಾ ಪ್ರಾಂತದ ಮಿಯುಕಿ, ತೋಹೊ ಅನ್ನೋ ಎರಡು ಕಂಪನಿಗಳು ಅದರಲ್ಲಿ ದೊಡ್ಡ ಹೆಸರು. ಒಂದೇ ಅಳತೆ, ದೊಡ್ಡ ತೂತು, ಸೂಜಿ ಎರಡು ಮೂರು ಸಲ ದಾಟುತ್ತೆ. ಚೆಕ್ ದೇಶದ ಸಣ್ಣ ಮಣಿ ಹನ್ನೆರಡು ಎಳೆ ಸೇರಿಸಿ ಗೊಂಚಲು ಕಟ್ಟಿ ಬರುತ್ತೆ, ಆಕಾರ ಸ್ವಲ್ಪ ಚಪ್ಪಟೆ, ತೂತು ಸಣ್ಣದು. ಎರಡನ್ನೂ ಅಂಗೈಲಿ ಹಾಕ್ಕೊಂಡ್ರೆ ಬೆರಳಿಗೇ ಗೊತ್ತಾಗುತ್ತೆ.

ಚೆಕ್ ಅಂದ ಮೇಲೆ ನಿಮ್ಮ ಅತ್ತೇದು ಆ ಎಣ್ಣೆಗೆಂಪು ಸರ ತೆಗೀರಿ. ಇದನ್ನೂ ಎಸೆಯೋ ಗುಂಪಿಗೆ ಹಾಕಿದ್ರಾ! ಇಲ್ಲಿ ಬನ್ನಿ, ಕೊಂಡಿ ನೋಡಿ. ತಿರುಪಿನ ಕೊಂಡಿ, ಎರಡು ಭಾಗ ತಿರುಗಿಸಿ ಸೇರಿಸೋದು. ಅದರ ಮೇಲೆ ಇಂಗ್ಲಿಷಲ್ಲಿ ಪುಟ್ಟ ಅಕ್ಷರ ಇದೆ. ಚೆಕೊಸ್ಲೊವಾಕಿಯಾ. ಈಗ ಆ ಹೆಸರಿನ ದೇಶವೇ ಇಲ್ಲ. 1918ರಲ್ಲಿ ಹುಟ್ಟಿ, 1993ರ ಜನವರಿ 1ಕ್ಕೆ ಎರಡಾಯ್ತು. ಹಾಗಾಗಿ ಇದರ ಕಾಲ ಆ ನಡುವಿಂದು ಅಂತ ಕಣ್ಣುಮುಚ್ಚಿ ಹೇಳಬಹುದು. ಅಮೆರಿಕ 1890ರಲ್ಲೇ ಒಂದು ಸುಂಕದ ಕಾನೂನು ಮಾಡಿ, ಹೊರಗಿಂದ ಬರೋ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದಿತ್ತು. ಮಣಿ ಮೇಲೆ ಬರೆಯೋಕೆ ಜಾಗ ಎಲ್ಲಿ? ಕೊಂಡಿ ಮೇಲೆ ಒತ್ತಿದ್ರು, ಇಲ್ಲಾ ಕಾಗದದ ಚೀಟಿ ಕಟ್ಟಿದ್ರು. ಚೀಟಿ ಹರಿದುಹೋಗುತ್ತೆ, ಕೊಂಡಿ ಉಳಿಯುತ್ತೆ.

ಈಗ ಮಣಿ ನೋಡಿ. ನಡುಸುತ್ತಿಗೆ ಬೆರಳುಗುರಿಗೆ ತಾಗೋ ಹಾಗೆ ಸಣ್ಣ ಏಣು. ಎರಡು ಅಚ್ಚು ಸೇರಿದ ಜಾಗ ಅದು. ಗಾಜಿನ ದಪ್ಪ ಕಡ್ಡೀನ ಮೆತ್ತಗಾಗೋ ತನಕ ಕಾಯಿಸಿ, ಇಕ್ಕಳದಂಥ ಅಚ್ಚಲ್ಲಿ ಒತ್ತಿದ್ರೆ ಮಣಿ ಆಯ್ತು. ಅದೇ ಹೊತ್ತಿಗೆ ಒಂದು ಸೂಜಿ ಒಳಗೆ ಹೋಗಿ ತೂತು ಮಾಡುತ್ತೆ. ಸುತ್ತಲಿನ ಗಾಜಿನ ಚೂರು ಮುರಿದು ಉಜ್ಜಿ ತೆಗೀತಾರೆ. ಆದ್ರೂ ಎಲ್ಲೋ ಒಂದು ಕಡೆ ಏಣು ಉಳಿದೇ ಇರುತ್ತೆ. ಇದರ ತವರು ಬೊಹೀಮಿಯಾದ ಯಾಬ್ಲೊನೆಟ್ಸ್. ಜರ್ಮನ್ನರ ಬಾಯಲ್ಲಿ ಗಾಬ್ಲೊನ್ಸ್. ದೊಡ್ಡ ಕಾರ್ಖಾನೆಗಿಂತ ಮನೆಮನೆಯ ಕೆಲಸ ಅದು. ಒಂದು ಮನೇಲಿ ಒತ್ತೋದು, ಇನ್ನೊಂದರಲ್ಲಿ ಉಜ್ಜೋದು, ಮತ್ತೊಂದರಲ್ಲಿ ಪೋಣಿಸೋದು. ಹಳ್ಳಿಹಳ್ಳಿಯಿಂದ ಮಾಲು ಒಟ್ಟುಮಾಡಿ ವ್ಯಾಪಾರಿಗಳು ಲೋಕಕ್ಕೆಲ್ಲ ಕಳಿಸ್ತಿದ್ರು. ಆಫ್ರಿಕಾದ ಯಾವ ಜನ ಯಾವ ಬಣ್ಣ ಇಷ್ಟಪಡ್ತಾರೆ, ಇಂಡಿಯಾದಲ್ಲಿ ಯಾವುದು ಓಡುತ್ತೆ ಅಂತ ನಮೂನೆ ಹಲಗೆ ಮಾಡಿಟ್ಟುಕೊಂಡಿದ್ರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಏನಾಯ್ತು ಕೇಳಿ. ಅಲ್ಲಿದ್ದ ಜರ್ಮನ್ ಮಾತಿನ ಕುಟುಂಬಗಳನ್ನ ಊರು ಬಿಡಿಸಿದ್ರು. ಮಣಿ ಮಾಡೋರಲ್ಲಿ ಬಹಳ ಜನ ಅವರೇ. ಕೈಗೆ ಸಿಕ್ಕಿದ್ದು ತಗೊಂಡು ಬವೇರಿಯಾದ ಕೌಫ್‌ಬಾಯ್ರೆನ್ ಹತ್ತಿರ ಹಳೇ ಮದ್ದಿನ ಕಾರ್ಖಾನೆ ಇದ್ದ ಜಾಗದಲ್ಲಿ ನೆಲೆ ನಿಂತ್ರು. ಹೊಸ ಊರಿಗೆ ನೊಯ್‌ಗಾಬ್ಲೊನ್ಸ್ ಅಂತ ಹೆಸರಿಟ್ರು, ಹೊಸ ಗಾಬ್ಲೊನ್ಸ್. ಮತ್ತೆ ಮಣಿ ಒತ್ತೋಕೆ ಶುರುಮಾಡಿದ್ರು. ಹಾಗಾಗಿ ಒಂದೇ ಬಗೆಯ, ಒಂದೇ ಏಣಿನ ಎರಡು ಮಣಿ ಅಕ್ಕಪಕ್ಕ ಇಟ್ರೆ ಯಾವುದು ಹಳೇ ಊರಿಂದು, ಯಾವುದು ಹೊಸ ಊರಿಂದು ಅಂತ ಗಾಜು ನೋಡಿ ಹೇಳೋದು ಬಲು ಕಷ್ಟ. ಕೊಂಡಿ ಮೇಲೆ ವೆಸ್ಟರ್ನ್ ಜರ್ಮನಿ ಅಂತಿದ್ರೆ 1949ರಿಂದ 1990ರೊಳಗಿನದು. ಮನೆಮಾರು ಕಳಕೊಂಡವರು ವಿದ್ಯೆ ಮಾತ್ರ ಕಳಕೊಳ್ಳಲಿಲ್ಲ ನೋಡಿ. ಇಂಥ ಸರ ಕೈಗೆ ಬಂದಾಗ ನನಗೆ ಅದನ್ನ ಡಬ್ಬಿಗೆ ವಾಪಸ್ಸು ಹಾಕೋಕೇ ಮನಸ್ಸು ಬರಲ್ಲ. ನಿಮ್ಮತ್ತೆಗೆ ಇದು ಹೇಗೆ ಸಿಕ್ಕಿತು? ಬೊಂಬಾಯಿಂದ ಅವರಣ್ಣ ತಂದಿದ್ದಾ? ಇರಬಹುದು, ಬಂದರಿನ ಊರು ತಾನೇ.

ಈಗ ನಿಮ್ಮ ಮಗ ನೈರೋಬಿಯಿಂದ ತಂದಿದ್ದು ಕೊಡಿ. ಆಹಾ, ಎಷ್ಟು ಚೆನ್ನಾಗಿದೆ. ತಂತಿಗೆ ಸಾಲುಸಾಲು ಪೋಣಿಸಿ ಚಪ್ಪಟೆ ಚಕ್ರ ಮಾಡಿದಾರೆ, ಕೆಂಪು, ಬಿಳಿ, ನೀಲಿ. ಇದು ಅಲ್ಲಿನ ಮಸಾಯಿ ಜನದ ಹೆಂಗಸರ ಕೆಲಸ ಅಂತ ದೂರದಿಂದಲೇ ಹೇಳಬಹುದು. ಮಣಿ ಮಾತ್ರ ಅದೇ ಚೆಕ್ ದೇಶದ ಸಣ್ಣ ಗಾಜಿನ ಮಣಿ. ಮಸಾಯಿಗಳು ಬಳಸೋ ಮಣಿ ಬಹುಪಾಲು ಅಲ್ಲೀದೇ, ಈಗೀಗ ಚೀನಾದ್ದೂ ಸೇರಿದೆ. ಹಾಗಾದ್ರೆ ಈ ಸರ ಯಾವೂರದು? ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ. ಮಣಿಯ ಊರು ಯಾಬ್ಲೊನೆಟ್ಸ್, ಸರದ ಊರು ಮಸಾಯಿಗಳದು. ಯಾವ ಬಣ್ಣದ ಪಕ್ಕ ಯಾವುದು ಬರಬೇಕು, ಯಾವ ವಯಸ್ಸಿನವಳು ಯಾವುದನ್ನ ಹಾಕಬೇಕು ಅನ್ನೋದೆಲ್ಲ ಅವರ ತಿಳಿವು. ಗಾಜು ಹೊರಗಿಂದ ಬಂತು ಅಂತ ಇದು ಅಸಲಿ ಅಲ್ಲ ಅನ್ನೋರು ಇದ್ದಾರೆ. ಅವರು ನಮ್ಮ ಕರಿಮಣಿ ನೋಡಲಿ. ಕರಿಮಣಿ ಯಾವ ಕುಲುಮೆಯದು ಅಂತ ಯಾವ ಮದುವೆ ಮನೇಲೂ ಯಾರೂ ಕೇಳಲ್ಲ. ನಡುನಡುವೆ ಚಿನ್ನದ ಗುಂಡು ಎಲ್ಲಿ ಬರಬೇಕು, ಎಷ್ಟೆಳೆ ಇರಬೇಕು, ತಾಳಿ ಪಕ್ಕ ಎಷ್ಟು ಮಣಿ ಅನ್ನೋದು ಮನೆತನ ಮನೆತನಕ್ಕೆ ಗೊತ್ತಿದೆ. ಅದರಿಂದಲೇ ಅದು ನಮ್ಮ ಸರ. ಸಂಡೂರಿನ ಲಂಬಾಣಿ ಹೆಂಗಸರ ಕುಸುರಿ ಬಟ್ಟೆ ನೋಡಿ, ಕನ್ನಡಿ ಚೂರು, ಕವಡೆ, ಮಣಿ ಎಲ್ಲಾ ಅಂಗಡೀಲಿ ಕೊಂಡಿದ್ದೇ. ಹಾಗಂತ ಅದು ಲಂಬಾಣಿಯರದಲ್ಲ ಅಂತ ಯಾರಾದ್ರೂ ಅಂದಾರಾ?

ಹಾಗಾಗಿ ಸರ ಕೊಳ್ಳುವಾಗ ಎರಡು ಪ್ರಶ್ನೆ ಬೇರೆಬೇರೆ ಕೇಳಬೇಕು. ಮಣಿ ಎಲ್ಲಿಂದ, ಪೋಣಿಸಿದ್ದು ಯಾರು. ಜಾತ್ರೇಲಿ ಹಕ್ಕಿಪಿಕ್ಕಿ ಹೆಂಗಸರು ಸರ ಮಾರ್ತಾರಲ್ಲ, ಅವರಲ್ಲಿ ಎಷ್ಟೋ ಜನ ತಾವೇ ಪೋಣಿಸ್ತಾರೆ. ಇದು ಯಾವ ಕಾಡಿಂದು ಅಂತ ಕೇಳೋರಿಗೆ ಅವರು ಏನೋ ಒಂದು ಹೇಳಿ ಸಾಗಹಾಕ್ತಾರೆ. ನೀವೇ ಪೋಣಿಸಿದ್ದಾ, ಮಣಿ ಎಲ್ಲಿ ತರ್ತೀರಿ ಅಂತ ಪಕ್ಕ ಕೂತು ಕೇಳಿ, ಬೆಂಗಳೂರಿನ ಮಾಮೂಲ್‌ಪೇಟೆ ಅಂತಲೋ, ದಿಲ್ಲಿಯ ಸದರ್ ಬಜಾರ್ ಅಂತಲೋ ನೇರವಾಗಿ ಹೇಳ್ತಾರೆ. ಊರು ಕಳೆದುಹೋಗೋದು ಈ ಸಗಟು ಪೇಟೆಗಳಲ್ಲೇ. ಪೆಟ್ಟಿಗೆ ಮೇಲೆ ದೇಶದ ಹೆಸರು ಇರುತ್ತೆ. ಸುಂಕದವರ ಲೆಕ್ಕದಲ್ಲಿ ಗಾಜಿನ ಮಣಿಗೆ 7018, ನಕಲಿ ಆಭರಣಕ್ಕೆ 7117 ಅಂತ ಬೇರೆಬೇರೆ ಸಂಖ್ಯೆಯೂ ಇದೆ. ಪೆಟ್ಟಿಗೆ ಒಡೆದು ಕಿಲೋ ಲೆಕ್ಕದಲ್ಲಿ ತೂಗಿದ ಮೇಲೆ ಹೆಸರು ಪೆಟ್ಟಿಗೇಲೇ ಉಳೀತು. ಚೀನಾದ ಯಿವು ಪೇಟೆಯಿಂದ ಬಂದಿದ್ದು, ಫಿರೋಜಾಬಾದಿನ ಕಡೇದು, ಯುರೋಪಿಂದು, ಎಲ್ಲಾ ಪಕ್ಕಪಕ್ಕದ ಡಬ್ಬಗಳಲ್ಲಿ.

ಈ ಪಳಪಳ ಹೊಳೆಯೋ ಮೂಲೆಮೂಲೆ ಕತ್ತರಿಸಿದ ಮಣಿ ಸರ ಯಿವು ದಾರಿಯದೇ ಇರಬೇಕು. ಅದರ ಪಕ್ಕದ ಪುಜಿಯಾಂಗ್‌ನಲ್ಲಿ ಇಂಥ ಕ್ರಿಸ್ಟಲ್ ಗಾಜಿನ ಕೆಲಸ ಬಹಳ. ತೂತಿನ ಅಂಚಲ್ಲಿ ಬಣ್ಣದ ಲೇಪ ಎದ್ದಿದೆ ನೋಡಿ, ಒಳಗೆ ಬರೀ ಬಿಳಿ ಗಾಜು. ಕೊಂಡಿ ಏಡಿಕೊಂಬಿನ ಆಕಾರದ್ದು, ಹಿಂದೆ ಉದ್ದ ಹೆಚ್ಚುಕಡಿಮೆ ಮಾಡೋ ಸಣ್ಣ ಸರಪಳಿ. ನಮ್ಮ ಕಡೆ ಪೋಣಿಸಿದ್ದಾದ್ರೆ ಹಿಂದುಗಡೆ ಜರಿ ದಾರ, ಜಾರೋ ಗಂಟು, ತುದೀಲಿ ಗೊಂಡೆ ಇರ್ತಿತ್ತು. ದಾರವೂ ಮಾತಾಡುತ್ತೆ ಅಕ್ಕಾ, ಮಣಿಯಷ್ಟೇ.

ಈ ಕೆಂಪು ಕಲ್ಲಿನ ಸರ ಕೈಲಿ ಹಿಡೀರಿ. ತಣ್ಣಗಿದೆ ಅಲ್ವಾ, ಬೇಗ ಬಿಸಿ ಆಗಲ್ಲ. ಗಾಜೂ ತಣ್ಣಗೇ ಇರುತ್ತೆ, ಆದ್ರೆ ಅದರೊಳಗೆ ಗುಳ್ಳೆ ಕಾಣುತ್ತೆ. ಇದರಲ್ಲಿ ಗುಳ್ಳೆ ಇಲ್ಲ, ಬದಲಿಗೆ ಮೋಡದ ಹಾಗೆ ತೇಲೋ ಬಣ್ಣ. ಕಾರ್ನೇಲಿಯನ್, ಅಕೀಕಿನ ಜಾತಿ. ತೂತಿನೊಳಗೆ ಬೆಳಕು ಬಿಡಿ. ನಡುವೆ ಒಂದು ಸಣ್ಣ ಮೆಟ್ಟಿಲು ಕಂಡಿತಾ? ಎರಡೂ ಕಡೆಯಿಂದ ಕೊರೆದು ಮಧ್ಯದಲ್ಲಿ ಕೂಡಿಸಿದ್ದಾರೆ. ಒಂದೇ ಕಡೆಯಿಂದ ಕೊರೆದ್ರೆ ಹೊರಬರೋ ಜಾಗದಲ್ಲಿ ಕಲ್ಲು ಸಿಡಿಯುತ್ತೆ. ಗುಜರಾತಿನ ಖಂಭಾತ್‌ನಲ್ಲಿ ಬಿಲ್ಲಿನಂಥ ಸಾಧನ ಆಡಿಸಿ, ತುದಿಗೆ ಎರಡು ವಜ್ರದ ಚೂರು ಕೂರಿಸಿದ ಮೊನೆಯಿಂದ ಹೀಗೆ ಕೊರೀತಾರೆ. ಕಲ್ಲು ಬರೋದು ಭರೂಚ್ ಕಡೆಯ ರತನ್‌ಪುರದ ಗಣಿಗಳಿಂದ. ಅಗೆದಾಗ ಅದು ಕೆಂಪಲ್ಲ, ಮಾಸಲು ಹಳದಿ, ಕಂದು. ಬಿಸಿಲಲ್ಲಿ ಒಣಗಿಸಿ, ಮಡಕೇಲಿಟ್ಟು ನಿಧಾನವಾಗಿ ಬೇಯಿಸಿದ್ರೆ ಕಲ್ಲಲ್ಲಿರೋ ಕಬ್ಬಿಣದ ಅಂಶ ಕೆಂಪಾಗುತ್ತೆ. ಆ ರತನ್‌ಪುರದ ಗುಡ್ಡದ ಮೇಲೆ ಬಾವಾ ಗೋರ್ ಅನ್ನೋ ಸಂತರ ದರ್ಗಾ ಇದೆ. ಕಲ್ಲಿನ ಕಸುಬಿನವರೂ ನಡ್ಕೋತಾರೆ, ಗುಜರಾತಿನ ಸಿದ್ದಿಗಳೂ ನಡ್ಕೋತಾರೆ. ನಮ್ಮ ಯಲ್ಲಾಪುರ, ಹಳಿಯಾಳದ ಸೀಮೇಲೂ ಸಿದ್ದಿಗಳಿದ್ದಾರಲ್ಲ, ಇವರ ಹಿರೀಕರಂತೆ ಅವರ ಹಿರೀಕರೂ ಆಫ್ರಿಕಾದಿಂದ ಬಂದವರು.

ಲೋಥಲ್ ಅಗೆದಾಗ ಹರಪ್ಪ ಕಾಲದ ಮಣಿ ಮಾಡೋ ಮನೆಯೇ ಸಿಕ್ಕಿತು. ಇರಾಕಿನ ಊರ್ ಪಟ್ಟಣದ ರಾಜಸಮಾಧಿಗಳಲ್ಲಿ ಸಿಂಧೂ ಕಡೆಯ ಉದ್ದನೆಯ ಕೆಂಪು ಮಣಿಗಳು ಸಿಕ್ಕವು, ನಾಲ್ಕೂವರೆ ಸಾವಿರ ವರ್ಷದ ಹಿಂದಿನವು. ನಮ್ಮ ಮಸ್ಕಿಯಲ್ಲೂ ಈ ಕಲ್ಲಿನ ಮಣಿ ಸಿಕ್ಕಿವೆ. ಇಷ್ಟೆಲ್ಲ ಹೆಮ್ಮೆ ಪಡೋ ಮಾತು ಆಯ್ತು. ಇನ್ನೊಂದು ಮಾತು ಹೇಳದೇ ಇದ್ರೆ ನನಗೆ ತಡೆಯೋಕಾಗಲ್ಲ. ಆ ಕಲ್ಲು ಉಜ್ಜುವಾಗ ಏಳೋ ಧೂಳು ಶ್ವಾಸಕೋಶಕ್ಕೆ ಹೋಗಿ ಕೂರುತ್ತೆ. ಸಿಲಿಕೋಸಿಸ್ ಅಂತಾರೆ. ಅದು ವಾಸಿಯಾಗೋ ಕಾಯಿಲೆ ಅಲ್ಲ. ಕೆಲಸ ಮನೆಯಂಗಳದಲ್ಲೇ ನಡೆಯೋದ್ರಿಂದ ಉಜ್ಜದೇ ಇದ್ದ ಮನೆಯವರಿಗೂ ಬಂದಿದ್ದಿದೆ. ವೈದ್ಯರು ಖಂಭಾತ್‌ಗೇ ಹೋಗಿ ಪರೀಕ್ಷೆ ಮಾಡಿ ಬರೆದಿಟ್ಟಿದ್ದಾರೆ. ಇನ್ನೂರು ರೂಪಾಯಿಗೆ ಕೊಂಡ್ವಿ, ಇನ್ನೂ ಐವತ್ತು ಕಡಿಮೆ ಮಾಡು ಅಂದ್ವಿ. ಊರು ಗೊತ್ತಿದ್ರೆ ಆ ಮಾತು ಬಾಯಿಗೆ ಬರ್ತಿರಲಿಲ್ಲ. ಸರದ ಊರು ತಿಳ್ಕೋಬೇಕು ಅಂತ ನಾನು ಇಷ್ಟು ಹಟ ಮಾಡೋದು ಇದಕ್ಕೇ.

ಉಳಿದವನ್ನ ಬೇಗ ನೋಡಿಬಿಡೋಣ, ನಿಮ್ಮ ಕುಕ್ಕರ್ ಮೂರು ಸಲ ಕೂಗಿತು. ಈ ಮುತ್ತಿನ ಸರ ಹೈದರಾಬಾದಿಂದು ಅಂದ್ರಿ. ಕೊರೆಯೋದು, ಪೋಣಿಸೋದು ಹೈದರಾಬಾದಲ್ಲೇ ಇರಬಹುದು, ಮುತ್ತು ಮಾತ್ರ ಈಗ ಬಹಳ ಮಟ್ಟಿಗೆ ಚೀನಾದ ಸಿಹಿನೀರಿನ ಕೆರೆಗಳದು. ಎರಡು ಮುತ್ತು ಒಂದಕ್ಕೊಂದು ಮೆಲ್ಲಗೆ ಉಜ್ಜಿ. ನಯವಾದ ಮರಳು ತಾಗಿದ ಹಾಗಿದ್ರೆ ನಿಜವಾದದ್ದು, ಜಾರಿದ್ರೆ ಗಾಜೋ ಪ್ಲಾಸ್ಟಿಕ್ಕೋ. ಹಲ್ಲಿಗೆ ಉಜ್ಜಿ ನೋಡೋರಿದ್ದಾರೆ. ಯಾವ ಲೇಪ ಹಚ್ಚಿರ್ತಾರೋ ಏನೋ, ಬಾಯಿಗೆ ಬೇಡ. ಮಕ್ಕಳ ಬಾಯಿಗಂತೂ ಈ ಡಬ್ಬಿಯ ಯಾವುದೂ ಹೋಗಬಾರದು, ಅಗ್ಗದ ಲೋಹದ ಮಣಿಗಳಲ್ಲಿ ಸೀಸ ಇರೋದುಂಟು. ಈ ನೀಲಿ ಕಲ್ಲಿನ ಸರ ವೈಡೂರ್ಯವೂ ಅಲ್ಲ, ಫಿರೋಜಾ ಕಲ್ಲೂ ಅಲ್ಲ, ಹೌಲೈಟ್ ಅನ್ನೋ ಬಿಳಿ ಕಲ್ಲಿಗೆ ಬಣ್ಣ ಕುಡಿಸಿದ್ದು. ಬಿರುಕುಗಳಲ್ಲಿ ನೀಲಿ ಗಾಢವಾಗಿ ನಿಂತಿದೆ, ತೂತಿನೊಳಗೆ ಬಿಳಿ. ಈ ಇನ್ನೊಂದು ಸರ ಹಗುರ, ಬೆಚ್ಚಗೆ, ಉದ್ದಕ್ಕೂ ಅಚ್ಚಿನ ಗೆರೆ, ಪ್ಲಾಸ್ಟಿಕ್. ರುದ್ರಾಕ್ಷಿ ನೇಪಾಳದಿಂದಲೂ ಬರುತ್ತೆ, ಜಾವಾದಿಂದಲೂ ಬರುತ್ತೆ. ಇಷ್ಟು ಪುಟ್ಟದಾದ್ರೆ ಜಾವಾದ್ದೇ ಇರಬೇಕು. ನೀರಲ್ಲಿ ಮುಳುಗಿಸಿ ಪರೀಕ್ಷೆ ಮಾಡೋದನ್ನ ನಂಬಬೇಡಿ, ಚೆನ್ನಾಗಿ ಒಣಗಿದ ಅಸಲಿಯೂ ತೇಲಬಹುದು.

ಅಯ್ಯೋ, ಇದು ಗುಲಗಂಜಿ! ಕೆಂಪು, ತುದೀಲಿ ಕಪ್ಪು ಚುಕ್ಕೆ. ಇದನ್ನ ಬೇರೆ ಇಡಿ. ಚಿನ್ನ ತೂಗೋ ಕಾಲದಿಂದ ನಮ್ಮ ಮನೆಗಳಲ್ಲಿದೆ ನಿಜ, ಆದ್ರೆ ಒಳಗಿರೋದು ಅಬ್ರಿನ್ ಅನ್ನೋ ಕಡುವಿಷ. ಗಟ್ಟಿ ಸಿಪ್ಪೆ ಇರೋ ತನಕ ಹೊರಗೆ ಬರಲ್ಲ. ಸರಕ್ಕೆ ಅಂತ ತೂತು ಕೊರೆದ ಕೂಡಲೇ ಆ ಕಾಪು ಹೋಯ್ತು. ಬ್ರಿಟನ್ನಿನಲ್ಲಿ 2011ರಲ್ಲಿ ಈ ಬೀಜ ಪೋಣಿಸಿದ ಕೈಬಳೆಗಳನ್ನ ಮಾರಿದ್ದವರೇ ಗಿರಾಕಿಗಳಿಂದ ವಾಪಸ್ಸು ಕೇಳಿದ್ರು. ಮೊಮ್ಮಗು ಓಡಾಡೋ ಮನೇಲಿ ಇದು ಬೇಡವೇ ಬೇಡ.

ಮೊಮ್ಮಗೂಗೆ ಸರ ಹಾಕಲೇಬೇಕು ಅಂದ್ರೆ ಈ ಹಳದಿ ಮರದ ಮಣಿಯದು ಇದೆಯಲ್ಲ, ಅದು ಸಾಕು. ನಮ್ಮ ಚನ್ನಪಟ್ಟಣದ್ದು. ಆಲೆ ಮರ, ಹಾಲೆ ಅಂತಲೂ ಅಂತಾರೆ, ತೂಕವೇ ಇಲ್ಲ. ಬಣ್ಣ ಬಳಿದಿಲ್ಲ ಇದಕ್ಕೆ. ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ತರ್ತಾರೆ. ಹಾಗಾಗಿ ಮಣಿಯ ಸುತ್ತ ತೆಳುವಾದ ಗೆರೆ ಕಾಣುತ್ತೆ, ಮರ ಕಡೆಯೋ ಚರಕಿ ತಿರುಗಿದ ದಿಕ್ಕಲ್ಲಿ. ಪೇಂಟ್ ಹಚ್ಚಿದ ನಕಲಿಗೆ ಈ ಗೆರೆ ಇರಲ್ಲ, ಉಗುರಲ್ಲಿ ಕೆರೆದ್ರೆ ಚಕ್ಕೆ ಏಳುತ್ತೆ. ಕೊಂಡ ಅಂಗಡಿ ರಸ್ತೆ ಬದಿಯದೇ ಆಗಿದ್ರೂ ಇದು ಒಳ್ಳೇದು ಅಕ್ಕಾ, ನಾನಿದ್ದಿದ್ರೂ ಇದನ್ನೇ ಆರಿಸ್ತಿದ್ದೆ.

ನಿಮ್ಮತ್ತೆಯವರ ಸರದ ದಾರ ಮಾತ್ರ ಪೂರ್ತಿ ಸವೆದಿದೆ, ಇನ್ನೊಂದು ಸಲ ಹಾಕ್ಕೊಂಡ್ರೆ ಹರಿಯುತ್ತೆ. ಪ್ಲಾಸ್ಟಿಕ್ ದಾರಕ್ಕೆ ಹಾಕಿಸಬೇಡಿ, ಗಾಜಿನ ತೂತಿನ ಅಂಚು ಅದನ್ನ ಕೊರೆಯುತ್ತೆ, ಸರವೂ ಕೊರಳಿಗೆ ಸರಿಯಾಗಿ ಇಳಿಯಲ್ಲ. ರೇಷ್ಮೆ ದಾರ ಎರಡೆಳೆ ಹುರಿ ಮಾಡಿ, ಮಣಿಮಣಿಗೂ ನಡುವೆ ಗಂಟು ಹಾಕೋಣ. ಆಗ ಹರಿದ್ರೂ ಎಲ್ಲಾ ಚೆಲ್ಲಿಹೋಗಲ್ಲ. ಬಿಚ್ಚೋ ಮುಂಚೆ ಈಗಿರೋ ಕ್ರಮದ ಒಂದು ಫೋಟೋ ತೆಗೀರಿ, ದೊಡ್ಡ ಮಣಿ ಎಲ್ಲಿ ಸಣ್ಣದು ಎಲ್ಲಿ ಅಂತ ಆಮೇಲೆ ಮರೆಯುತ್ತೆ. ಪೋಣಿಸಿಕೊಡೋರ ಹತ್ತಿರ ಹೋದ್ರೆ ಈ ಕೊಂಡಿ ಹಳೇದಾಯ್ತು, ಹೊಸದು ಹಾಕ್ತೀನಿ ಅಂತಾರೆ, ಒಪ್ಪಬೇಡಿ. ತಿರುಪು ಬಿಗಿಯಾಗಿದ್ರೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಸಾಕು. ಸಾಯಂಕಾಲ ನನಗೆ ಬಿಡುವಿದೆ, ರೇಷ್ಮೆ ದಾರವೂ ಇದೆ. ಸಣ್ಣ ಸೂಜಿ ಇದ್ರೆ ಮಾತ್ರ ತನ್ನಿ, ನನ್ನ ಹತ್ತಿರ ಇರೋದೆಲ್ಲ ದಪ್ಪಂದು.